12 ಬೆಡ್‌ಗಳ ಐಸಿಯು, 15 ನರ್ಸ್‌ಗಳು: ಒಂದು ಪ್ರಕರಣ ಅಧ್ಯಯನ

ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಟ್ರಸ್ಟ್ ಒಂದು ನಡೆಸುವ ಆಸ್ಪತ್ರೆಯ ಪ್ರಕರಣ ಇದು. ನೂರಕ್ಕಿಂತ ಸ್ವಲ್ಪ ಹೆಚ್ಚು ಹಾಸಿಗೆ, ಅದರಲ್ಲಿ 12 ಐಸಿಯು ಬೆಡ್. ಒಳಗಿನವರ ಗುರುತು ಸಿಗಬಾರದೆಂದು ಸಂಖ್ಯೆ, ಸಂದರ್ಭಗಳಲ್ಲಿ ಕೆಲವನ್ನು ಬದಲಾಯಿಸಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ. ನರ್ಸ್‌ಗಳು ಬಂದು ಬಂದು ಬಿಟ್ಟು ಹೋಗುವುದನ್ನು ಕಂಡು ಕಂಗಾಲಾಗಿರುವ ಆಡಳಿತ ಮಂಡಳಿಗಳು, ನರ್ಸಿಂಗ್ ಸೂಪರಿಂಟೆಂಡೆಂಟ್‌ಗಳು ನಮ್ಮಲ್ಲಿ ಬಹಳ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ ಎಂದು ಇಲ್ಲಿ ತೆಗೆದುಕೊಂಡ ತೀರ್ಮಾನಗಳನ್ನು, ಅವುಗಳಿಂದ ಆದ ಒಳ್ಳೆಯದು ಕೆಟ್ಟದ್ದನ್ನು ಇದ್ದ ಹಾಗೆಯೇ ಬರೆಯುತ್ತಿದ್ದೇನೆ.

ಆಸ್ಪತ್ರೆ ಮತ್ತು ಅದರ ಐಸಿಯು

ಜನರ ನಡುವೆ ಒಳ್ಳೆಯ ಹೆಸರಿರುವ ಆಸ್ಪತ್ರೆ. ಸುತ್ತಲಿನ ತಾಲ್ಲೂಕುಗಳಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಹಿಡಿದು ಬರುವವರೇ ಹೆಚ್ಚು. ಐಸಿಯುಗೆ ಬರುವವರಲ್ಲಿ ಹಾವು ಕಚ್ಚಿದವರು, ಲಕ್ವ ಹೊಡೆದವರು, ಹೆರಿಗೆಯಲ್ಲಿ ರಕ್ತಸ್ರಾವ ಆದವರು, ಕೀಟನಾಶಕ ಕುಡಿದವರು. ಈ ಕೊನೆಯವರ ಆರೈಕೆ ಎಷ್ಟು ದಣಿಸುತ್ತದೆ ಎಂಬುದು ಹತ್ತಿರದಿಂದ ನೋಡಿದವರಿಗೇ ಗೊತ್ತು. ಬಾಯಿ, ಶ್ವಾಸನಾಳದಲ್ಲಿ ದ್ರವ ತುಂಬುತ್ತಲೇ ಇರುತ್ತದೆ, ಅದನ್ನು ಸಕ್ಷನ್ ಮಾಡಿ ಹೊರತೆಗೆಯುತ್ತಲೇ ಇರಬೇಕು. ವಿಷಕ್ಕೆ ಮದ್ದಾಗಿ ಕೊಡುವ ಅಟ್ರೋಪಿನ್ ಪ್ರಮಾಣವನ್ನು ಪದೇ ಪದೇ ಹೊಂದಿಸಬೇಕು. ಔಷಧ ಹೆಚ್ಚಾದರೆ ರೋಗಿ ಗಾಬರಿಬಿದ್ದು ಟ್ಯೂಬ್ ಕಿತ್ತುಕೊಳ್ಳುತ್ತಾನೆ. ಅಂಥ ಒಬ್ಬನೇ ರೋಗಿ ಒಬ್ಬ ಸಿಸ್ಟರ್‌ನ ಇಡೀ ಪಾಳಿಯನ್ನು ನುಂಗುತ್ತಾನೆ. ಪಕ್ಕದ ಬೆಡ್‌ನಲ್ಲೂ ಅಂಥವನೇ ಇದ್ದರೆ, ಅದರ ಪಕ್ಕದಲ್ಲಿ ವೆಂಟಿಲೇಟರ್ ಇದ್ದರೆ?

ಪಾಳಿಗಳು ಮೂರು: ಬೆಳಗ್ಗೆ 8ರಿಂದ 2, ಮಧ್ಯಾಹ್ನ 2ರಿಂದ 8, ರಾತ್ರಿ 8ರಿಂದ ಬೆಳಗ್ಗೆ 8. ಪಟ್ಟಿಯಲ್ಲಿ ಐಸಿಯುಗೆ 15 ನರ್ಸ್‌ಗಳಿದ್ದರು. ಬಹುತೇಕರು ಅಕ್ಕಪಕ್ಕದ ಜಿಲ್ಲೆಗಳಲ್ಲಿ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಅಥವಾ ಬಿಎಸ್ಸಿ ನರ್ಸಿಂಗ್ ಮುಗಿಸಿ ನೇರವಾಗಿ ಬಂದ, ಇಪ್ಪತ್ತೆರಡು–ಇಪ್ಪತ್ನಾಲ್ಕರ ಹುಡುಗಿಯರು, ಮೂವರು ಬ್ರದರ್‌ಗಳು. ಇನ್‌ಚಾರ್ಜ್ ಸಿಸ್ಟರ್ ಒಬ್ಬರು ಮಾತ್ರ ಒಂಬತ್ತು ವರ್ಷದಿಂದ ಅಲ್ಲೇ ಇದ್ದವರು. ಪ್ರಕರಣ ಶುರುವಾಗುವ ಹಿಂದಿನ ಒಂದು ವರ್ಷದಲ್ಲಿ ಐಸಿಯು ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬದಲಾಗಿದ್ದರು.

ಹೊಸಬರಿಗೆ ಮೊದಲು ಹದಿನೈದು ದಿನ ತರಬೇತಿ ಇರುತ್ತಿತ್ತು. ಜನ ಕಮ್ಮಿಯಾದಂತೆ ಅದು ಒಂದು ವಾರಕ್ಕಿಳಿಯಿತು, ಆಮೇಲೆ ಮೂರು ದಿನಕ್ಕೆ. ಹಳಬರು ಕಲಿಸುವುದನ್ನೇ ಬಿಟ್ಟರು. ಎರಡು ವರ್ಷ ಅನುಭವವಿದ್ದ ಒಬ್ಬ ಸಿಸ್ಟರ್ ಹೇಳಿದ್ದು: "ಹೊಸಬರ ಹೆಸರು ಕೇಳೋದೂ ಬಿಟ್ಟಿದೀನಿ ಸರ್. ಹೆಸರು ನೆನಪಾಗೋಷ್ಟರಲ್ಲಿ ಹೋಗಿರ್ತಾರೆ."

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕಾಯಿಲೆ ಎಂದು ಹೇಳಲಿಲ್ಲ. ಸರಿಯಾಗಿ ನಿಭಾಯಿಸದೆ ಬಿಟ್ಟ, ಬಹುಕಾಲದ ಕೆಲಸದ ಒತ್ತಡದಿಂದ ಹುಟ್ಟುವ ಸ್ಥಿತಿ ಎಂದಿತು. ಅದರ ಮೂರು ಲಕ್ಷಣಗಳು: ಶಕ್ತಿಯೆಲ್ಲ ಬತ್ತಿಹೋದ ದಣಿವು, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನ ಕೈಯಲ್ಲಿ ಏನೂ ಆಗುತ್ತಿಲ್ಲ ಎಂಬ ಭಾವನೆ. ದಣಿವು ಎಲ್ಲರ ಕಣ್ಣಿಗೂ ಬೀಳುತ್ತದೆ. ಜೊತೆಗಾರ್ತಿಯ ಹೆಸರು ಕೇಳಲೂ ಮನಸ್ಸಾಗದಿರುವ ಎರಡನೆಯ ಲಕ್ಷಣ ಆಡಳಿತದ ಯಾವ ಫೈಲಿನಲ್ಲೂ ಕಾಣುವುದಿಲ್ಲ. ಐಸಿಯುನಲ್ಲಿ ಹೆಚ್ಚು ಅಪಾಯ ಅದರಿಂದಲೇ. ಹೆಸರೇ ಗೊತ್ತಿಲ್ಲದವಳ ಕೈಯಲ್ಲಿರುವ ಸಿರಿಂಜನ್ನು ಯಾರೂ ತಿರುಗಿ ನೋಡುವುದಿಲ್ಲ.

ಮೊದಲು ಮಾಡಿದ ಪ್ರಯತ್ನಗಳು

ಆಡಳಿತ ಮಂಡಳಿ ಸುಮ್ಮನೆ ಕೂತಿರಲಿಲ್ಲ, ಇದನ್ನು ನ್ಯಾಯವಾಗಿ ಹೇಳಬೇಕು. ಮೊದಲಿಗೆ ಒತ್ತಡ ನಿರ್ವಹಣೆಯ ಕಾರ್ಯಾಗಾರ ಇಟ್ಟರು. ಯೋಗ, ಪ್ರಾಣಾಯಾಮ, ಒಂದು ಪ್ರೇರಣಾ ಭಾಷಣ. ಆದರೆ ಅದು ನಡೆದದ್ದು ಭಾನುವಾರ, ಹಾಜರಿ ಕಡ್ಡಾಯ. ಆ ವಾರ ಆಫ್ ಇದ್ದವರ ಆಫ್ ಅದರಲ್ಲೇ ಹೋಯಿತು. ನೈಟ್ ಮುಗಿಸಿದವರು ನಿದ್ದೆ ಇಲ್ಲದೆ ಬಂದು ಕೂತರು. ಮೇ 12ರ ದಾದಿಯರ ದಿನಕ್ಕೆ ಕೇಕ್ ಕತ್ತರಿಸಿ 'ಉತ್ತಮ ನರ್ಸ್' ಪ್ರಶಸ್ತಿಯನ್ನೂ ಕೊಟ್ಟರು.

ಎರಡನೆಯದು ಬಾಂಡ್. ಎರಡು ವರ್ಷ ಇರಲೇಬೇಕು, ಅಲ್ಲಿಯವರೆಗೆ ಮೂಲ ಅಂಕಪಟ್ಟಿ ಮತ್ತು ನರ್ಸಿಂಗ್ ಕೌನ್ಸಿಲ್ ನೋಂದಣಿ ಪತ್ರ ಆಫೀಸಿನ ಬೀರುವಿನಲ್ಲಿ. ಮೊದಲ ತಿಂಗಳ ಸಂಬಳ ಠೇವಣಿ. ಇದರಿಂದ ಆದದ್ದು ಉಲ್ಟಾ. ಒಂದು ತಿಂಗಳ ನೋಟಿಸ್ ಕೊಟ್ಟು ಹೋಗುತ್ತಿದ್ದವರು ಈಗ ಸಂಬಳ ಬಿದ್ದ ರಾತ್ರಿಯೇ ಹಾಸ್ಟೆಲ್ ಖಾಲಿ ಮಾಡಿ ಹೋಗತೊಡಗಿದರು. ಪ್ರಮಾಣಪತ್ರ ಬಿಡಿಸಿಕೊಳ್ಳಲು ಆಮೇಲೆ ಅಪ್ಪನೋ ಅಣ್ಣನೋ ಬಂದು ಜಗಳ ಮಾಡುತ್ತಿದ್ದರು. ಕಾಲೇಜುಗಳ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುದ್ದಿ ಹಬ್ಬಿ, ಸಂದರ್ಶನಕ್ಕೆ ಬರುವವರೂ ಕಮ್ಮಿಯಾದರು. ಓದಿ ಗಳಿಸಿದ ಕಾಗದವನ್ನು ಒತ್ತೆ ಇಟ್ಟುಕೊಳ್ಳುವುದನ್ನು ನಾನು ಯಾವ ಕಾರಣಕ್ಕೂ ಒಪ್ಪುವುದಿಲ್ಲ. ನ್ಯಾಯದ ಮಾತು ಹಾಗಿರಲಿ, ಜನರನ್ನು ಉಳಿಸಿಕೊಳ್ಳುವ ಉಪಾಯವಾಗಿಯೂ ಅದು ಕೆಲಸ ಮಾಡಲಿಲ್ಲ.

ಮೂರನೆಯದು ಸಂಬಳದಲ್ಲಿ ಸಣ್ಣ ಏರಿಕೆ. ಕೆಲವು ತಿಂಗಳು ರಾಜೀನಾಮೆ ನಿಂತಂತೆ ಕಂಡಿತು, ಮತ್ತೆ ಶುರುವಾಯಿತು. ಸಂಬಳದ ಬಗ್ಗೆ ಒಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ವಿಚಾರವಾಗಿ 2016ರಲ್ಲಿ ಸುಪ್ರೀಂ ಕೋರ್ಟ್ ಸೂಚನೆಯಂತೆ ರಚನೆಯಾದ ತಜ್ಞರ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಗಳಲ್ಲಿ ಸರ್ಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ ಇರಬೇಕು, 100ರಿಂದ 200 ಹಾಸಿಗೆಯ ಕಡೆ ಅದಕ್ಕಿಂತ ಹೆಚ್ಚೆಂದರೆ ಶೇ 10ರಷ್ಟು ಮಾತ್ರ ಕಡಿಮೆ ಇರಬಹುದು, 50ಕ್ಕಿಂತ ಕಡಿಮೆ ಹಾಸಿಗೆಯ ಕಡೆಯೂ ತಿಂಗಳಿಗೆ 20,000 ರೂಪಾಯಿಗಿಂತ ಕೆಳಗಿಳಿಯಬಾರದು ಎಂದಿತ್ತು. ಈ ಆಸ್ಪತ್ರೆ ಏರಿಕೆ ಕೊಟ್ಟ ಮೇಲೂ ತನ್ನ ಗಾತ್ರದ ಆಸ್ಪತ್ರೆಗೆ ಹೇಳಿದ ಮಟ್ಟದ ಹತ್ತಿರಕ್ಕೂ ಬಂದಿರಲಿಲ್ಲ.

ಕೆಂಪು ಮುಚ್ಚಳದ ಸಿರಿಂಜ್

ಒಂದು ರಾತ್ರಿ ಐಸಿಯುನಲ್ಲಿ ಹನ್ನೊಂದು ರೋಗಿಗಳು, ಮೂವರು ಸಿಸ್ಟರ್‌ಗಳು. ಅವರಲ್ಲಿ ಒಬ್ಬಳು ಕೆಲಸಕ್ಕೆ ಸೇರಿ ಎರಡು ವಾರ ಆಗಿತ್ತು. ಇನ್ನೊಬ್ಬರು ಸೀನಿಯರ್, ಮಧ್ಯಾಹ್ನ 2ಕ್ಕೆ ಡ್ಯೂಟಿಗೆ ಬಂದವರು, ರಾತ್ರಿ ಪಾಳಿಯವರೊಬ್ಬರು ಬರಲಿಲ್ಲವೆಂದು ಡಬಲ್ ಡ್ಯೂಟಿಗೆ ನಿಂತಿದ್ದರು. ಅಂದರೆ ಮರುದಿನ ಬೆಳಗ್ಗೆ 8ರವರೆಗೆ, 18 ಗಂಟೆ.

ರೋಗಿಯೊಬ್ಬರ ಮನೆಯವರು ಹೊರಗಿನಿಂದ ತಂದಿದ್ದ ಇನ್ಸುಲಿನ್ ವಯಲ್ ಒಂದು ಮಿಲಿಲೀಟರಿಗೆ 100 ಯೂನಿಟ್ ಇರುವಂಥದ್ದು. ಟ್ರಾಲಿಯಲ್ಲಿದ್ದದ್ದು ಕೆಂಪು ಮುಚ್ಚಳದ ಸಿರಿಂಜ್, ಅಂದರೆ 40 ಯೂನಿಟ್‌ನ ವಯಲ್‌ಗೆ ಹೊಂದುವಂಥದ್ದು. 100ರ ವಯಲ್‌ಗೆ ಕಿತ್ತಳೆ ಮುಚ್ಚಳದ್ದು ಬೇಕು. ಬರೆದಿದ್ದದ್ದು 12 ಯೂನಿಟ್. ಹೊಸ ಸಿಸ್ಟರ್ ಕೆಂಪು ಸಿರಿಂಜ್‌ನಲ್ಲಿ 12ರ ಗೆರೆಯವರೆಗೆ ಎಳೆದು ಕೊಟ್ಟಳು. ರೋಗಿಯ ಮೈಗೆ ಹೋದದ್ದು ಎರಡೂವರೆ ಪಟ್ಟು, 30 ಯೂನಿಟ್. ಸ್ವಲ್ಪ ಹೊತ್ತಿನ ನಂತರ ಆ ಬೆಡ್ ಪಕ್ಕ ಹಾದುಹೋದ ಸೀನಿಯರ್‌ಗೆ ರೋಗಿಯ ಹಣೆ ಬೆವೆತದ್ದು ಕಂಡಿತು. ಗ್ಲೂಕೋಮೀಟರ್ ಹಚ್ಚಿ ನೋಡಿ, ತಕ್ಷಣ ಡೆಕ್ಸ್‌ಟ್ರೋಸ್ (ಸಕ್ಕರೆಯ ದ್ರಾವಣ) ಕೊಟ್ಟು ಡ್ಯೂಟಿ ಡಾಕ್ಟರನ್ನು ಕರೆದರು. ರೋಗಿ ಉಳಿದರು, ಏನೂ ಹಾನಿಯಾಗಲಿಲ್ಲ. ಮನೆಯವರಿಗೆ ಬೆಳಗ್ಗೆ ವೈದ್ಯರೇ ನಡೆದದ್ದನ್ನು ತಿಳಿಸಿದರು.

ಆಫೀಸಿನಿಂದ ಮೊದಲು ಬಂದದ್ದು ಹೊಸ ಸಿಸ್ಟರ್‌ಗೆ ಮೆಮೊ. ಅದಕ್ಕೆ ಇನ್‌ಚಾರ್ಜ್ ಸಹಿ ಬೇಕಿತ್ತು. ಅವರು ಹಾಕಲಿಲ್ಲ. "ಅವಳಿಗೆ ಮೆಮೊ ಕೊಡೋದಾದ್ರೆ ಆ ರಾತ್ರಿ ಡ್ಯೂಟಿ ಲಿಸ್ಟ್ ಮಾಡಿದ ನನಗೂ ಕೊಡಿ, ಆ ಲಿಸ್ಟ್‌ಗೆ ಜನ ಕೊಡದ ನಿಮಗೂ ಒಂದು ಬರ್ಕೊಳ್ಳಿ ಮೇಡಂ" ಎಂದು ಸೂಪರಿಂಟೆಂಡೆಂಟ್‌ಗೆ ಹೇಳಿ, ಅದೇ ಸಂಜೆ ತಮ್ಮ ರಾಜೀನಾಮೆ ಪತ್ರವನ್ನೂ ಕೊಟ್ಟರು.

ಒಂಬತ್ತು ವರ್ಷದಿಂದ ಇದ್ದವರೇ ಹೋಗುತ್ತಾರೆಂದ ಮೇಲೆ ಟ್ರಸ್ಟ್‌ನ ಕಾರ್ಯದರ್ಶಿಗೆ ನಿಜವಾಗಿ ದಿಗಿಲಾಯಿತು. ಅವರು ಹೊರಗಿನಿಂದ ನನ್ನನ್ನು ಮತ್ತು ನಿವೃತ್ತ ನರ್ಸಿಂಗ್ ಬೋಧಕಿಯೊಬ್ಬರನ್ನು ಕರೆಸಿದರು. ರಾಜೀನಾಮೆಯನ್ನು ಅಂಗೀಕರಿಸದೆ, ತಿರಸ್ಕರಿಸದೆ ಇಟ್ಟುಕೊಂಡು, "ಮೂರು ತಿಂಗಳು ಟೈಮ್ ಕೊಡಿ ಸಿಸ್ಟರ್" ಎಂದು ಕೇಳಿಕೊಂಡರು.

ಬಿಟ್ಟು ಹೋದವರು ಹೇಳಿದ್ದು

ಆಸ್ಪತ್ರೆಯ ಫೈಲಿನಲ್ಲಿ ಬಿಟ್ಟು ಹೋದ ಎಲ್ಲರ ಕಾರಣವೂ ಒಂದೇ: 'ವೈಯಕ್ತಿಕ'. ಕೆಲವರದ್ದು 'ಮದುವೆ'. ರಿಲೀವಿಂಗ್ ಲೆಟರ್, ಅನುಭವ ಪತ್ರ ಇನ್ನೂ ಕೈಗೆ ಬರಬೇಕಾದವರು ಆಫೀಸಿನಲ್ಲಿ ಕೂತು ನಿಜ ಬರೆಯುವುದು ಹೇಗೆ? ಅದಕ್ಕೇ ನಾವು ಒಳಗಿದ್ದವರನ್ನು ಕೇಳುವ ಮೊದಲು, ಕಾಗದಪತ್ರವೆಲ್ಲ ಕೈಸೇರಿ ಬೇರೆ ಕಡೆ ಕೆಲಸದಲ್ಲಿರುವವರಿಗೆ ಫೋನ್ ಮಾಡಿದೆವು. ಬೋಧಕಿ ಮೇಡಂ ಮಾತಾಡಿದರು. ಕೆಲವರು ಅವರ ಹಳೆಯ ವಿದ್ಯಾರ್ಥಿನಿಯರೇ. ಮಾತು ತಾನಾಗಿ ಬಂತು.

ಸಂಬಳ ಕಮ್ಮಿ ಎಂದು ಎಲ್ಲರೂ ಹೇಳಿದರು. ಆದರೆ ರಾಜೀನಾಮೆ ಬರೆದ ದಿನ ಏನಾಗಿತ್ತು ಎಂದು ಕೇಳಿದಾಗ ಸಂಬಳದ ಮಾತು ಬರಲಿಲ್ಲ. ಬಂದದ್ದು ಆಫ್‌ನ ಮಾತು. ಡ್ಯೂಟಿ ಪಟ್ಟಿ ಭಾನುವಾರ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತಿತ್ತು, ಸೋಮವಾರದಿಂದಲೇ ಜಾರಿ. ಅದೂ ನಿಲ್ಲುತ್ತಿರಲಿಲ್ಲ. ಅಕ್ಕನ ಸೀಮಂತಕ್ಕೆಂದು ಬಸ್ ಹತ್ತಿದ್ದವಳನ್ನು ಫೋನ್ ಮಾಡಿ ಅರ್ಧ ದಾರಿಯಿಂದ ವಾಪಸ್ ಕರೆಸಿದ್ದರು. ಅವಳು ಬಂದು ಡ್ಯೂಟಿ ಮಾಡಿ, ಮರುದಿನ ರಾಜೀನಾಮೆ ಕೊಟ್ಟಳು. ಡಬಲ್ ಡ್ಯೂಟಿಗೆ ದುಡ್ಡಿಲ್ಲ, ಬದಲಿ ಆಫ್ ಕೊಡುತ್ತೇವೆ ಎಂದು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ಆ ನೋಟ್‌ಬುಕ್ ನಾನು ನೋಡಿದ್ದೇನೆ. ಬಾಕಿ ಆಫ್‌ಗಳ ಸಾಲು ಪುಟದಿಂದ ಪುಟಕ್ಕೆ ಹರಿದಿತ್ತು, 'ಕೊಟ್ಟಿದೆ' ಎಂಬ ಕಾಲಂ ಬಹುಪಾಲು ಖಾಲಿ. ಬಿಟ್ಟು ಹೋದವರ ಆಫ್‌ಗಳು ಅಲ್ಲೇ ಉಳಿದಿದ್ದವು.

ಎರಡನೆಯದು, ನರ್ಸಿಂಗ್ ಅಲ್ಲದ ಕೆಲಸ. ಔಷಧದ ಇಂಡೆಂಟ್ (ಬೇಡಿಕೆ ಪಟ್ಟಿ), ಉಳಿದ ಔಷಧ ಫಾರ್ಮಸಿಗೆ ವಾಪಸ್, ಬಿಲ್ಲಿಂಗ್ ಎಂಟ್ರಿ, ಆರೋಗ್ಯ ಕರ್ನಾಟಕ ಕ್ಲೇಮ್‌ಗೆ ಬೇಕಾದ ಫೋಟೊ, ರಿಪೋರ್ಟ್‌ಗಳ ಅಪ್‌ಲೋಡ್, ರಕ್ತನಿಧಿಗೆ ಫೋನ್. ಬೋಧಕಿ ಮೇಡಂ ಕೆಲವು ಪಾಳಿ ಐಸಿಯುನಲ್ಲೇ ಕೂತು ಬರೆದುಕೊಂಡರು. ಬೆಳಗಿನ ಆರು ಗಂಟೆಯ ಪಾಳಿಯಲ್ಲಿ ಎರಡು ಗಂಟೆಯ ಹತ್ತಿರ ಕಂಪ್ಯೂಟರ್ ಮತ್ತು ಫೋನಿಗೇ ಹೋಗುತ್ತಿತ್ತು. ರೋಗಿಯನ್ನು ಮಗ್ಗುಲು ತಿರುಗಿಸುವುದು, ಬಾಯಿ ಸ್ವಚ್ಛ ಮಾಡುವುದು, ಮನೆಯವರಿಗೆ ನಾಲ್ಕು ಮಾತು ಹೇಳುವುದು ಉಳಿದ ಹೊತ್ತಿನಲ್ಲಿ. ಕಲಿತ ಕೆಲಸವನ್ನು ಸರಿಯಾಗಿ ಮಾಡಲು ಬಿಡುವಿಲ್ಲದಿದ್ದರೆ ಹತ್ತಿರವಿದ್ದೂ ರೋಗಿಗೆ ಏನೂ ಮಾಡಲಾಗಲಿಲ್ಲ ಎಂಬ ಕೊರಗು ಕಾಡುತ್ತದೆ. ಹೀಗೆ ಹೇಳುತ್ತ ಇಬ್ಬರು ಫೋನಿನಲ್ಲೇ ಅತ್ತರು.

ಬಿಲ್ ವಿಷಯಕ್ಕೆ ರೋಗಿಯ ಕಡೆಯವರ ಬೈಗುಳ ಕೇಳುವವರೂ ಸಿಸ್ಟರ್‌ಗಳೇ. ಒಬ್ಬಳ ಕೈ ಹಿಡಿದು ಎಳೆದಾಡಿದ್ದರು. ಆಡಳಿತ 'ರಾಜಿ' ಮಾಡಿಸಿತ್ತು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಗೆ ನಮ್ಮ ರಾಜ್ಯದಲ್ಲಿ 2009ರ ಕಾಯ್ದೆ ಇದೆ, ಅದರಡಿ ನರ್ಸ್‌ಗಳಿಗೂ ರಕ್ಷಣೆ ಇದೆ ಎಂಬುದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಇನ್ನೊಂದು ಸಂಗತಿ ಸಣ್ಣದು, ಆದರೆ ಹೆಚ್ಚು ಕಡಿಮೆ ಎಲ್ಲರೂ ಹೇಳಿದ್ದು. ಹಾಸ್ಟೆಲ್ ಮೆಸ್ ಬೆಳಗ್ಗೆ ಎಂಟೂವರೆಗೆ ಮುಚ್ಚುತ್ತಿತ್ತು. ನೈಟ್ ಡ್ಯೂಟಿಯವರು 8ಕ್ಕೆ ಹ್ಯಾಂಡೋವರ್ ಶುರು ಮಾಡಿ, ಹಾಸ್ಟೆಲ್ ಸೇರುವಾಗ ಒಂಬತ್ತು. ಹನ್ನೆರಡು ಗಂಟೆ ನಿಂತು ಬಂದವರಿಗೆ ತಿಂಡಿ ಇಲ್ಲ. ಬಿಸ್ಕತ್ ತಿಂದು ಮಲಗುತ್ತಿದ್ದರು; ಅದೇ ರೂಮಿನಲ್ಲಿ ಮಧ್ಯಾಹ್ನದ ಪಾಳಿಯವರು ಎದ್ದು ಓಡಾಡುತ್ತಿರುತ್ತಿದ್ದರು. ವರ್ಷಗಳಿಂದ ಹೀಗೇ ನಡೆದಿತ್ತು. ಆಡಳಿತ ಮಂಡಳಿಯವರಲ್ಲಿ ಒಬ್ಬರಿಗೂ ಇದು ತಿಳಿದಿರಲಿಲ್ಲ, ಏಕೆಂದರೆ ಯಾರೂ ಕೇಳಿರಲಿಲ್ಲ.

ಮೂರು ಪಾಳಿಗೆ ಎಷ್ಟು ಜನ?

ಪ್ರಕರಣಕ್ಕೆ ತಿರುವು ಸಿಕ್ಕಿದ್ದು ಒಂದು ಲೆಕ್ಕದಿಂದ. ಕಾರ್ಯದರ್ಶಿ, ವೈದ್ಯಕೀಯ ನಿರ್ದೇಶಕರು, ಸೂಪರಿಂಟೆಂಡೆಂಟ್, ಇನ್‌ಚಾರ್ಜ್, ಅಕೌಂಟೆಂಟ್ ಎಲ್ಲರೂ ಇದ್ದ ಸಭೆಯದು. ಅಕೌಂಟೆಂಟ್ ವಾದ ಹೀಗಿತ್ತು: ದಿನಕ್ಕೆ ಮೂರು ಪಾಳಿ, ಪಾಳಿಗೆ ಐದು ಜನ, ಒಟ್ಟು ಹದಿನೈದು, ಪಟ್ಟಿಯಲ್ಲಿ ಹದಿನೈದು ಜನ ಇದ್ದಾರಲ್ಲ, ಇನ್ನೇನು ಕೊರತೆ?

ಬೋಧಕಿ ಮೇಡಂ ಒಂದು ಹಾಳೆ ತೆಗೆದುಕೊಂಡು ಬರೆದರು. ಒಂದು ಜಾಗದಲ್ಲಿ ಯಾವಾಗಲೂ ಒಬ್ಬರು ನಿಂತಿರಬೇಕೆಂದರೆ ವಾರಕ್ಕೆ 21 ಪಾಳಿ. ಒಬ್ಬರು ವಾರಕ್ಕೆ ಆರು ಪಾಳಿ ಮಾಡುತ್ತಾರೆ. 21ನ್ನು 6ರಿಂದ ಭಾಗಿಸಿದರೆ ಮೂರೂವರೆ. ಇದು ಯಾರೂ ರಜೆ ಹಾಕದೆ, ಯಾರಿಗೂ ಜ್ವರ ಬಾರದೆ, ಯಾರ ಮನೆಯಲ್ಲೂ ಮದುವೆ, ತಿಥಿ ಇಲ್ಲದಿದ್ದರೆ. ಭಾರತೀಯ ನರ್ಸಿಂಗ್ ಕೌನ್ಸಿಲ್‌ನ ಮಾನದಂಡ ರಜೆಗೆಂದೇ ಶೇ 30 ಹೆಚ್ಚುವರಿ ಜನ ಇರಬೇಕು ಎನ್ನುತ್ತದೆ. ಅದನ್ನು ಸೇರಿಸಿದರೆ ನಾಲ್ಕೂವರೆ. ಅಂದರೆ ಒಂದು ಜಾಗಕ್ಕೆ ಬೇಕಾದದ್ದು ನಾಲ್ಕೂವರೆ ಜನ, ಆಸ್ಪತ್ರೆ ಇಟ್ಟಿದ್ದದ್ದು ಮೂವರನ್ನು. ಐಸಿಯುನಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂಬ ಮಾನದಂಡ ಪಕ್ಕಕ್ಕಿರಲಿ, ಇಬ್ಬರಿಗೆ ಒಬ್ಬರು ಎಂದು ಹಿಡಿದರೂ 12 ಬೆಡ್‌ಗೆ ಪಾಳಿಗೆ ಆರು ಜನ, ಒಟ್ಟು 27 ಜನ ಬೇಕು. ಇರುವವರು 15.

"ಅಂದ್ರೆ ಇಷ್ಟು ದಿನ ಉಳಿದ ಹನ್ನೆರಡು ಜನರ ಕೆಲಸ ಯಾರು ಮಾಡ್ತಾ ಇದ್ರು?" ಎಂದು ಕಾರ್ಯದರ್ಶಿ ಕೇಳಿದರು. ಇನ್‌ಚಾರ್ಜ್ ಆ ನೋಟ್‌ಬುಕ್ಕನ್ನು ಮೇಜಿನ ಮೇಲೆ ಇಟ್ಟರು.

ಹನ್ನೆರಡು ನರ್ಸ್‌ಗಳನ್ನು ತಕ್ಷಣ ತರುವುದು ಸಾಧ್ಯವಿರಲಿಲ್ಲ. ದುಡ್ಡಿನ ಮಾತು ಒಂದು. ದುಡ್ಡಿದ್ದರೂ ಬಂದವರು ಈ ಸ್ಥಿತಿಯಲ್ಲಿ ಉಳಿಯುತ್ತಿರಲಿಲ್ಲ. ಆಗ ಇನ್‌ಚಾರ್ಜ್ ಹೇಳಿದ್ದು: "ಜನ ಹೆಚ್ಚಿಸೋಕೆ ಆಗ್ದಿದ್ರೆ ಬೆಡ್ ಕಮ್ಮಿ ಮಾಡಿ ಸರ್. ನಾಲ್ಕು ಬೆಡ್ ಮುಚ್ಚಿ."

ಸಭೆ ಬಿಸಿಯಾಯಿತು. ನಾಲ್ಕು ಐಸಿಯು ಬೆಡ್ ಅಂದರೆ ಆದಾಯ. ಅದಕ್ಕಿಂತ ದೊಡ್ಡ ಪ್ರಶ್ನೆ, ಬಾಗಿಲಿಗೆ ಬಂದ ರೋಗಿಯನ್ನು ವಾಪಸ್ ಕಳಿಸುವುದು ಸರಿಯೇ? ವೈದ್ಯಕೀಯ ನಿರ್ದೇಶಕರು ಅರಿವಳಿಕೆ ತಜ್ಞರು, ಹಳೆಯ ಕಾಲದ ಸಂಕೋಚದ ಮನುಷ್ಯ. ಅವರು ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಲಿಂಡಾ ಏಕೆನ್ ಮತ್ತು ಸಂಗಡಿಗರು ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದ ಮಾತೆತ್ತಿದರು. ಶಸ್ತ್ರಚಿಕಿತ್ಸೆಯ ರೋಗಿಗಳನ್ನು ನೋಡಿಕೊಳ್ಳುವ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ 30 ದಿನದೊಳಗಿನ ಸಾವಿನ ಸಂಭವ ಶೇ 7ರಷ್ಟು, ನರ್ಸ್ ಬರ್ನ್‌ಔಟ್‌ಗೆ ಒಳಗಾಗುವ ಸಂಭವ ಶೇ 23ರಷ್ಟು ಹೆಚ್ಚಿದ್ದುದು ಅದರಲ್ಲಿ ಕಂಡುಬಂದಿತ್ತು. "ನೋಡಿಕೊಳ್ಳೋಕೆ ಆಗದ ರೋಗಿಯನ್ನ ಒಳಗೆ ಹಾಕಿಕೊಳ್ಳೋದೂ ಒಂದು ರೀತಿ ವಾಪಸ್ ಕಳಿಸಿದ ಹಾಗೇ" ಎಂದರು. ತೀರ್ಮಾನಕ್ಕೆ ಈ ಮಾತೇ ದಾರಿ ಮಾಡಿಕೊಟ್ಟಿತು ಎಂದು ನನ್ನ ಭಾವನೆ. ಜಿಲ್ಲಾ ಆಸ್ಪತ್ರೆ ಅದೇ ಊರಿನಲ್ಲಿದ್ದುದರಿಂದಲೂ ಧೈರ್ಯ ಬಂತು. ತಾಲ್ಲೂಕು ಕೇಂದ್ರದಲ್ಲಿದ್ದು ಇದೊಂದೇ ಐಸಿಯು ಆಗಿದ್ದರೆ ನಾನು ಈ ಸಲಹೆಯನ್ನು ಇಷ್ಟು ಸಲೀಸಾಗಿ ಬೆಂಬಲಿಸುತ್ತಿರಲಿಲ್ಲ.

ಮೂರು ತಿಂಗಳ ಮಟ್ಟಿಗೆ 12ರಲ್ಲಿ 4 ಬೆಡ್ ಮುಚ್ಚಿದರು. 8 ಬೆಡ್‌ಗೆ ಪಾಳಿಗೆ ನಾಲ್ವರು, ಒಟ್ಟು 18 ಜನ. ವಾರ್ಡ್‌ಗಳಿಂದ ಮೂವರನ್ನು ಐಸಿಯುಗೆ ಹಾಕಿದರು.

ಜೊತೆಗೆ ಇನ್ನೂ ಕೆಲವು ತೀರ್ಮಾನಗಳಾದವು. ಡ್ಯೂಟಿ ಪಟ್ಟಿ ನಾಲ್ಕು ವಾರಕ್ಕೆ ಒಮ್ಮೆ, ಒಂದು ವಾರ ಮೊದಲೇ ಗೋಡೆಯ ಮೇಲೆ. ಸಿಸ್ಟರ್‌ಗಳು ತಮ್ಮತಮ್ಮಲ್ಲೇ ಬದಲಾಯಿಸಿಕೊಳ್ಳಬಹುದು. ಆಡಳಿತ ಯಾರದಾದರೂ ಆಫ್ ರದ್ದು ಮಾಡಬೇಕಿದ್ದರೆ ಆ ದಿನಕ್ಕೆ ಎರಡು ಪಟ್ಟು ಸಂಬಳ, ಅದಕ್ಕೆ ವೈದ್ಯಕೀಯ ನಿರ್ದೇಶಕರ ಸಹಿ. ಮಧ್ಯಾಹ್ನದ ಪಾಳಿ ಮಾಡಿದವರನ್ನು ರಾತ್ರಿಗೆ ನಿಲ್ಲಿಸುವಂತಿಲ್ಲ. ಅಪ್‌ಲೋಡ್, ಇಂಡೆಂಟ್, ಬಿಲ್ಲಿಂಗ್‌ಗೆ ಇಬ್ಬರು ವಾರ್ಡ್ ಕ್ಲರ್ಕ್‌ಗಳು. ಹೊಸಬರನ್ನು ಮೊದಲ ನಾಲ್ಕು ವಾರ ಪಾಳಿಯ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಮೆಮೊ ವಾಪಸ್, ಬದಲಿಗೆ ಐಸಿಯುನಲ್ಲಿ ಒಂದೇ ಬಗೆಯ ಇನ್ಸುಲಿನ್, ಅದಕ್ಕೆ ಹೊಂದುವ ಒಂದೇ ಬಗೆಯ ಸಿರಿಂಜ್. ಮೆಸ್ ಬೆಳಗ್ಗೆ ಹತ್ತರವರೆಗೆ ತೆರೆದಿರಬೇಕು, ನೈಟ್ ಡ್ಯೂಟಿಯವರಿಗೆ ಬೇರೆ ರೂಮು.

ಬೀರುವಿನಲ್ಲಿದ್ದ ಮೂಲ ಪ್ರಮಾಣಪತ್ರಗಳ ವಿಷಯಕ್ಕೆ ಎಲ್ಲಕ್ಕಿಂತ ಹೆಚ್ಚು ವಿರೋಧ ಬಂತು. ಕೊಟ್ಟರೆ ಮರುದಿನವೇ ಎಲ್ಲರೂ ಹೋಗುತ್ತಾರೆ ಎಂದು ಸೂಪರಿಂಟೆಂಡೆಂಟ್ ಹೆದರಿದರು. ಅವರ ಹೆದರಿಕೆಯಲ್ಲಿ ಅರ್ಥವಿತ್ತು. ಜನ ಹೋದಾಗ ರಾತ್ರಿ ಫೋನ್ ಹಿಡಿದು ಕೂರುವವರು ಅವರೇ ತಾನೆ? ಕೊನೆಗೆ ಕಾರ್ಯದರ್ಶಿಯೇ ಒಬ್ಬೊಬ್ಬರನ್ನು ಕರೆದು ಕೈಯಾರೆ ಕೊಟ್ಟರು.

ಬೆಡ್ ಮುಚ್ಚಿದ ಮೇಲೆ

ಪ್ರಮಾಣಪತ್ರ ಸಿಕ್ಕ ವಾರವೇ ಇಬ್ಬರು ಹೋದರು. ಉಳಿದವರು ಹೋಗಲಿಲ್ಲ.

ಮೊದಲ ತಿಂಗಳು ಕಷ್ಟದ್ದೇ. ಆದಾಯ ಇಳಿಯಿತು. ಸುತ್ತಲಿನ ಸಣ್ಣ ನರ್ಸಿಂಗ್ ಹೋಮ್‌ಗಳಿಂದ ರೋಗಿ ಕಳಿಸುವ ವೈದ್ಯರು 'ಬೆಡ್ ಇಲ್ಲ' ಎಂಬ ಉತ್ತರ ಕೇಳಿ ಬೇಸರಪಟ್ಟರು. ಎರಡನೆಯ ವಾರ ಎಂಟೂ ಬೆಡ್ ತುಂಬಿದ್ದಾಗ ಒಬ್ಬ ಹಿರಿಯ ಸರ್ಜನ್ ತಮ್ಮ ರೋಗಿಯೊಬ್ಬರನ್ನು ಆಪರೇಷನ್ ಥಿಯೇಟರ್‌ನ ರಿಕವರಿ ರೂಮಿನಲ್ಲಿ ವೆಂಟಿಲೇಟರ್ ಹಾಕಿ ಇರಿಸಿ, ಐಸಿಯುನಿಂದ ಒಬ್ಬ ಸಿಸ್ಟರ್‌ನನ್ನು ಕಳಿಸಿ ಎಂದರು. ಕಾಗದದಲ್ಲಿ 8 ಬೆಡ್, ನಿಜದಲ್ಲಿ 9. ಇನ್‌ಚಾರ್ಜ್ ಒಪ್ಪಲಿಲ್ಲ. ಸರ್ಜನ್ ಕಾರ್ಯದರ್ಶಿಗೆ ಫೋನ್ ಮಾಡಿದರು. ಅಂದು ಕಾರ್ಯದರ್ಶಿ "ಇದೊಂದು ಸಲ ಅಡ್ಜಸ್ಟ್ ಮಾಡ್ಕೊಳ್ಳಿ ಸಿಸ್ಟರ್" ಎಂದಿದ್ದರೆ ಹಿಂದಿನ ಎಲ್ಲ ತೀರ್ಮಾನವೂ ಅಂದೇ ಮುಗಿದುಹೋಗುತ್ತಿತ್ತು. ಅವರು ನಿರ್ದೇಶಕರನ್ನು ಕಳಿಸಿದರು. ನಿರ್ದೇಶಕರು ರಾತ್ರಿ ಹನ್ನೊಂದಕ್ಕೆ ಬಂದು, ತಾವೇ ರಿಕವರಿ ರೂಮಿನಲ್ಲಿ ಕೂತು, ಬೆಳಗ್ಗೆ ಐಸಿಯುನಲ್ಲಿ ಬೆಡ್ ಖಾಲಿಯಾಗುವವರೆಗೆ ಆ ರೋಗಿಯನ್ನು ನೋಡಿಕೊಂಡರು. ಆ ಸುದ್ದಿ ಹಾಸ್ಟೆಲ್‌ಗೆ ಹೋಗಲು ಒಂದು ಗಂಟೆಯೂ ಬೇಕಾಗಲಿಲ್ಲ. ನಿಯಮವನ್ನು ಮುರಿಯುವ ಅಧಿಕಾರ ಇರುವವರೇ ಅದರ ಭಾರ ಹೊತ್ತದ್ದನ್ನು ಸಿಸ್ಟರ್‌ಗಳು ಅಂದೇ ಮೊದಲು ಕಂಡದ್ದು.

ಮೂರು ತಿಂಗಳಲ್ಲಿ ಆ ಇಬ್ಬರನ್ನು ಬಿಟ್ಟು ಐಸಿಯುನಿಂದ ಬೇರೆ ಯಾರೂ ಹೋಗಲಿಲ್ಲ. ಆಫ್ ರದ್ದಾದದ್ದು ಅಪರೂಪ. ಎರಡು ಪಟ್ಟು ದುಡ್ಡಿಗಿಂತ, ಸಹಿಗಾಗಿ ನಿರ್ದೇಶಕರನ್ನು ಎಬ್ಬಿಸಬೇಕಲ್ಲ ಎಂಬುದೇ ಹೆಚ್ಚು ಕೆಲಸ ಮಾಡಿತು.

ಆದರೆ ವಾರ್ಡ್‌ಗಳಲ್ಲಿ ಕಾವು ಏರಿತು. ಅಲ್ಲಿಂದ ಮೂವರನ್ನು ಎತ್ತಿಕೊಂಡು ಐಸಿಯು ತುಂಬಿಸಿದ್ದರಲ್ಲವೇ? "ಐಸಿಯುಗೆ ಮಾತ್ರ ರಾಜಮರ್ಯಾದೆ, ನಾವೇನು ಕಸಾನಾ?" ಎಂಬ ಮಾತು ಹುಟ್ಟಿತು, ಹೆರಿಗೆ ವಾರ್ಡ್‌ನಿಂದ ಒಂದರ ಹಿಂದೊಂದು ರಾಜೀನಾಮೆ ಬಂತು. ಈ ಪ್ರಕರಣದಲ್ಲಿ ಆಡಳಿತ ಮಾಡಿದ ದೊಡ್ಡ ತಪ್ಪು ಇದೇ. ಒಂದು ಕಡೆಯ ಹೊರೆ ಇಳಿಸಲು ಇನ್ನೊಂದು ಕಡೆ ಹೇರಿದರು. ಆಮೇಲೆ ನಾಲ್ಕು ವಾರದ ಡ್ಯೂಟಿ ಪಟ್ಟಿ ಮತ್ತು ಆಫ್‌ನ ನಿಯಮವನ್ನು ಇಡೀ ಆಸ್ಪತ್ರೆಗೆ ವಿಸ್ತರಿಸಿದರು. ಅದನ್ನು ಮೊದಲ ದಿನವೇ ಮಾಡಬಹುದಿತ್ತು. ಅದಕ್ಕೆ ಹೆಚ್ಚಿನ ಖರ್ಚೇನೂ ಇರಲಿಲ್ಲ.

ಒಂದು ವರ್ಷದ ನಂತರ

ಮುಚ್ಚಿದ ನಾಲ್ಕರಲ್ಲಿ ಎರಡು ಬೆಡ್ ಮತ್ತೆ ತೆರೆದಿವೆ, ಅದಕ್ಕೆ ಬೇಕಾದಷ್ಟು ಜನ ಸೇರಿದ ಮೇಲೆ. ಇನ್ನೆರಡು ಮುಚ್ಚೇ ಇವೆ.

ನರ್ಸ್‌ಗಳು ಈಗಲೂ ಬಿಟ್ಟು ಹೋಗುತ್ತಾರೆ. ಒಬ್ಬರು ಏಮ್ಸ್‌ನ ನರ್ಸ್ ನೇಮಕಾತಿ ಪರೀಕ್ಷೆ ನಾರ್ಸೆಟ್ ಬರೆದು ಅಲ್ಲಿಗೆ ಹೋದರು, ಒಬ್ಬ ಬ್ರದರ್ ಜರ್ಮನ್ ಭಾಷೆ ಕಲಿಯುತ್ತಿದ್ದಾನೆ, ಇಬ್ಬರು ಕೊಲ್ಲಿ ದೇಶಗಳಿಗೆ ಅರ್ಜಿ ಹಾಕಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ 2025ರ ವರದಿ ಪ್ರಕಾರ 2023ರಲ್ಲಿ ಜಗತ್ತಿನಲ್ಲಿ 58 ಲಕ್ಷ ನರ್ಸ್‌ಗಳ ಕೊರತೆ ಇತ್ತು. ಇಂಥ ಊರಿನ ಆಸ್ಪತ್ರೆ ಯಾರನ್ನೂ ಕಟ್ಟಿಹಾಕಲಾರದು, ಹಾಕಲೂಬಾರದು. ವ್ಯತ್ಯಾಸ ಇರುವುದು ಹೋಗುವ ರೀತಿಯಲ್ಲಿ. ಈಗ ಎರಡು ಮೂರು ತಿಂಗಳು ಮೊದಲೇ ಹೇಳುತ್ತಾರೆ. ಆ ಅವಧಿಯಲ್ಲಿ ಬದಲಿ ಸಿಗುತ್ತದೆ, ಹೋಗುವವರೇ ಹೊಸಬರಿಗೆ ಕಲಿಸುತ್ತಾರೆ. ತಮ್ಮ ಕಾಲೇಜಿನ ಜೂನಿಯರ್‌ಗಳನ್ನು ಕಳಿಸಿಕೊಟ್ಟವರೂ ಇದ್ದಾರೆ. ಮುಂದೊಂದು ಒಳ್ಳೆಯ ಕೆಲಸ ಸಿಕ್ಕಿತೆಂದು ಹೋಗುವವರನ್ನೂ ಇಲ್ಲಿ ಇರಲಾಗದೆ ಓಡಿಹೋಗುವವರನ್ನೂ ಒಂದೇ ಲೆಕ್ಕದಲ್ಲಿ ಬರೆದರೆ ಆಸ್ಪತ್ರೆಗೆ ತನ್ನ ತೊಂದರೆ ಎಲ್ಲಿದೆ ಎಂದೇ ತಿಳಿಯುವುದಿಲ್ಲ. ಅದಕ್ಕೇ ಈಗ ಬಿಟ್ಟು ಹೋದವರಿಗೆ, ಕಾಗದಪತ್ರ ಎಲ್ಲ ತಲುಪಿದ ಮೇಲೆ, ಆಸ್ಪತ್ರೆಗೆ ಸಂಬಂಧವಿಲ್ಲದ ಬೋಧಕಿ ಮೇಡಂ ಫೋನ್ ಮಾಡುತ್ತಾರೆ.

ಇನ್‌ಚಾರ್ಜ್ ಸಿಸ್ಟರ್ ಮೂರು ತಿಂಗಳ ನಂತರ ರಾಜೀನಾಮೆ ವಾಪಸ್ ಪಡೆದಿದ್ದರು. ಎಲ್ಲರಿಗೂ ಸಂತೋಷವಾಗಿತ್ತು. ಆದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಮನೆಯಲ್ಲಿ ಮಿಕ್ಸಿ ಸದ್ದಾದರೂ ಮಾನಿಟರ್ ಅಲಾರಂ ಕೇಳಿದಂತಾಗಿ ಎದ್ದು ನಿಲ್ಲುತ್ತಿದ್ದರು. "ಈಗ ಕೆಲಸ ಸರಿ ಇದೆ ಸರ್, ನಾನೇ ಸರಿ ಇಲ್ಲ" ಎಂದು ಒಮ್ಮೆ ಹೇಳಿದರು. ಬೋಧಕಿ ಮೇಡಂ ಅವರನ್ನು ಒಪ್ಪಿಸಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿಸಿದರು, ಅಲ್ಲಿಂದ ಮುಂದೆ ಮನೋವೈದ್ಯರ ಬಳಿಗೂ ಹೋದರು. ಸುಧಾರಿಸಿತು, ಐಸಿಯುಗೆ ಮರಳುವಷ್ಟು ಅಲ್ಲ. ಎಂಟು ತಿಂಗಳ ನಂತರ ಅವರು ನರ್ಸಿಂಗ್ ಕಾಲೇಜೊಂದರಲ್ಲಿ ಬೋಧಕಿಯಾಗಿ ಹೋದರು. ಒಂಬತ್ತು ವರ್ಷ ಒಬ್ಬರ ಮೈಮೇಲೆ ಬಿದ್ದ ಹೊರೆಯನ್ನು ಮೂರು ತಿಂಗಳ ವ್ಯವಸ್ಥೆ ತೆಗೆಯಲಾರದು. ಅವರ ಮಟ್ಟಿಗೆ ಎಲ್ಲವೂ ತಡವಾಗಿ ಬಂತು, ಇದನ್ನು ಈ ಪ್ರಕರಣದ ಸೋಲು ಎಂದೇ ನಾನು ಎಣಿಸುತ್ತೇನೆ.

ಸಂಬಳ ಇನ್ನೊಂದು ಸಲ ಏರಿದೆ, ಆದರೂ 2016ರ ಸಮಿತಿ ಹೇಳಿದ ಮಟ್ಟಕ್ಕೆ ಬಂದಿಲ್ಲ. ಡಯಾಲಿಸಿಸ್ ಮತ್ತು ಹೆರಿಗೆ ವಾರ್ಡ್‌ಗಳಲ್ಲಿ ಒಂದು ಜಾಗಕ್ಕೆ ಮೂವರು ಎಂಬ ಲೆಕ್ಕವೇ ಈಗಲೂ ನಡೆದಿದೆ. ಅವೆರಡು ವಿಭಾಗಗಳಿಗೆ ಎಷ್ಟು ಜನ ಬೇಕು, ಸಮಿತಿ ಹೇಳಿದ ಸಂಬಳ ಕೊಟ್ಟರೆ ಎಷ್ಟು ಖರ್ಚು ಎಂಬ ಹಾಳೆಯನ್ನು ಹೊಸ ಇನ್‌ಚಾರ್ಜ್ ಮತ್ತು ಸೂಪರಿಂಟೆಂಡೆಂಟ್ ಜೊತೆಯಾಗಿ ಸಿದ್ಧಮಾಡಿ, ಟ್ರಸ್ಟ್‌ನ ಮುಂದಿನ ಬಜೆಟ್ ಸಭೆಗೆ ಕೊಟ್ಟಿದ್ದಾರೆ.